ಜಹೀರೋದ್ದೀನರು ಚುಚ್ಚಿದ ಗಾಲಿಗಳು

ಜಹೀರೋದ್ದೀನರ ಜನ್ಮದಿನಾಂಕ, ಶಾಲೆಯ ದಾಖಲೆಯ ಪ್ರಕಾರ, 1965ನೆಯ ಇಸವಿಯ ಜೂನ್ 1. ಈ ದಿನಾಂಕವನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಗದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾರಿಗೂ ತಿಳಿದಿರದಿದ್ದರೆ ಗುರುಗಳು ಜೂನ್ ಒಂದನ್ನೇ ಬರೆದುಬಿಡುತ್ತಿದ್ದರು. ಹೀಗಾಗಿ ಅವರು ಹುಟ್ಟಿದ ಔರಾದ ತಾಲ್ಲೂಕಿನ ಅರ್ಧದಷ್ಟು ಮುದುಕರು ಕಾಗದದ ಮೇಲೆ ಒಂದೇ ದಿನ ಹುಟ್ಟಿದವರು. ಜಹೀರೋದ್ದೀನರ ತಾಯಿ ಖುರ್ಷಿದ ಬೇಗಂ ಮಾತ್ರ, ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಾಗ ತಮಗೆ ಹೆರಿಗೆಯ ನೋವು ಬಂದಿತೆಂದು ಹೇಳುತ್ತಿದ್ದರಂತೆ. ಹೆಸರುಕಾಯಿ ಬಿಡಿಸುವುದು ಆಗಸ್ಟ್ ತಿಂಗಳಿನಲ್ಲಿ. ಆದ್ದರಿಂದ ಅವರಿಗೆ ನಾನು ಹುಟ್ಟುಹಬ್ಬದ ಶುಭಾಶಯ ಹೇಳುವುದು ಆಗಸ್ಟಿನಲ್ಲೇ. ಅವರು ಪ್ರತಿ ವರ್ಷವೂ ನಕ್ಕು, "ಮಾಸ್ತರ ಸಾಬ, ನೀವ್ ನಮ್ಮ ಅಮ್ಮನ ಪಾರ್ಟಿ" ಎನ್ನುತ್ತಾರೆ.

ಬೀದರಿನ ಮೈಲೂರಿನಲ್ಲಿ ಅವರ ಮನೆ ನನ್ನ ಮನೆಗೆ ಹೊಂದಿಕೊಂಡಿದೆ. ನಾನು ಭಾಲ್ಕಿಯವನು, ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಇಲ್ಲಿಯೇ ನೆಲೆಸಿದ್ದೇನೆ. ಕಳೆದ ವರ್ಷದ ಆರಂಭದಲ್ಲಿ ಅವರ ವಿಷಯದಲ್ಲಿ ನಾವೆಲ್ಲರೂ ಪಟ್ಟ ಆತಂಕ ಈಗ ಕಳೆದಿದೆ. ಆದ್ದರಿಂದಲೇ ಈ ವೃತ್ತಾಂತವನ್ನು ನೆಮ್ಮದಿಯಿಂದ ಬರೆಯಲು ಸಾಧ್ಯವಾಗಿದೆ.

ಬೀದರಿನ ಧಾನ್ಯದ ಮಾರುಕಟ್ಟೆಯಾದ ಗಾಂಧಿ ಗಂಜದ ಹೆಬ್ಬಾಗಿಲಿನ ಬಳಿ ಅವರು ಪಂಕ್ಚರ್ ಅಂಗಡಿಯನ್ನು ತೆರೆದದ್ದು 1984ನೆಯ ಅಕ್ಟೋಬರ್ 2, ಮಂಗಳವಾರ. ಅಂದು ಗಾಂಧಿ ಜಯಂತಿಯ ನಿಮಿತ್ತ ಗಂಜ ಮುಚ್ಚಿತ್ತು; ಒಂದು ಕೈಗಾಡಿಯೂ ಬರಲಿಲ್ಲ. ಮರುದಿನದಿಂದ ಮಾತ್ರ ಲಾರಿಗಳು ಬಂದವು, ಮತ್ತು ಸುಮಾರು ನಾಲ್ಕು ದಶಕಗಳ ಕಾಲ ಬರುತ್ತಲೇ ಇದ್ದವು. ತೊಗರಿ, ಉದ್ದು, ಕಡಲೆ ಹೇರಿಕೊಂಡು ಬಂದ ಲಾರಿಗಳ ಟೈರುಗಳನ್ನು ಬಿಚ್ಚಿ, ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಸ್ಥಳವನ್ನು ಗುರುತಿಸಿ, ತೂತನ್ನು ಮುಚ್ಚುವುದು ಅವರ ಬದುಕಾಯಿತು.

ಪಂಕ್ಚರ್ ಅಂಗಡಿಯವರ ಮೇಲೆ ಜಗತ್ತಿನಲ್ಲೆಲ್ಲ ಒಂದು ಅಪವಾದವಿದೆ: ಅವರೇ ರಸ್ತೆಗೆ ಮೊಳೆ ಚೆಲ್ಲುತ್ತಾರೆ ಎಂದು. 1991ನೆಯ ನವೆಂಬರ್ 9, ಶನಿವಾರ, ಡಾಬಕಾ ಗ್ರಾಮದ ಲಾರಿ ಚಾಲಕ ಕಾಶೀರಾಮರು ಅದನ್ನು ಮುಖದ ಮೇಲೆಯೇ ಹೇಳಿದರು. ಅವರ ಉದ್ದ ಮೂತಿಯ ಹಳೆಯ ಲಾರಿಯ ಮುಂದಿನ ಗಾಲಿ ಸರಿಯಾಗಿ ಈ ಅಂಗಡಿಯ ಮುಂದೆಯೇ ಕುಸಿದಿತ್ತು.

"ಔರಾದಲಿಂದ ಇಲ್ಲೀತನ ಏನೂ ಆಗಲಾರದ್ದು ನಿನ್ನ ಬಾಗಿಲದಾಗೇ ಹ್ಯಾಂಗ ಆಯ್ತು? ಮೊಳಿ ಬಿತ್ತಿ ಬೆಳಿ ತೆಗಿಲತಿ ಏನ್?" ಎಂದು ಕಾಶೀರಾಮರು ಕೇಳಿದರು. ಹಮಾಲರು ಸುತ್ತ ನೆರೆದರು.

ಜಹೀರೋದ್ದೀನರು ಆ ಕುಸಿದ ಟೈರಿನ ಮೇಲೆ ಅಂಗೈಯನ್ನಿಟ್ಟು, "ಈ ಕೈಲಿಂದ ಟೈರಿಗೆ ಒಂದ್ ತೂತ ಮಾಡಿಲ್ಲ ಅಣ್ಣಾ. ಸಾಯೂತನಕ ಮಾಡಂಗಿಲ್ಲ. ನಿನ್ನ ಮುಂದ ಆಣಿ ಮಾಡ್ತೇನಿ, ನೆನಪಿಟ್ಕೋ" ಎಂದರು.

ಮರುದಿನದಿಂದ ಅವರು ಒಂದು ಪದ್ಧತಿಯನ್ನು ಆರಂಭಿಸಿದರು. ಹಳೆಯ ಧ್ವನಿವರ್ಧಕದೊಳಗಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ, ಅಂಗಡಿ ತೆರೆಯುವ ಮುನ್ನ ಗಂಜದ ಬಾಗಿಲಿನಿಂದ ತಿರುವಿನವರೆಗೆ ರಸ್ತೆಯ ಮೇಲೆ ಎಳೆದುಕೊಂಡು ಹೋಗುವುದು. ಅಂಟಿದ ಮೊಳೆಗಳನ್ನು ಡಬ್ಬಿಗೆ ಸುರಿಯುವುದು. ಮಂದಿ ನಕ್ಕರು. ಕಾಶೀರಾಮರು ಮಾತ್ರ ನಗಲಿಲ್ಲ. ತಮ್ಮ ಚಾಲಕ ವೃತ್ತಿ ಮುಗಿಯುವ ತನಕ ಬೇರೆ ಯಾವ ಅಂಗಡಿಯಲ್ಲೂ ಗಾಲಿ ಬಿಚ್ಚಿಸಲಿಲ್ಲ.

ಇನ್ನು ಆತಂಕದ ಸಂಗತಿ. 2023ನೆಯ ಆಗಸ್ಟ್ 17, ಗುರುವಾರ, ಲಾರಿಯ ಹಿಂದಿನ ಗಾಲಿಯನ್ನು ಎತ್ತಲು ಹೋಗಿ ಜಹೀರೋದ್ದೀನರು ಬಗ್ಗಿದವರು ಮೇಲೇಳಲಾರದೆ ಹೋದರು. ಬೆನ್ನುಮೂಳೆಯ ಬಿಲ್ಲೆ ಜಾರಿತ್ತು. ಇನ್ನೊಮ್ಮೆ ಭಾರ ಎತ್ತಿದರೆ ಕಾಲುಗಳ ಶಕ್ತಿ ಹೋದೀತೆಂದು ವೈದ್ಯರು ಹೇಳಿದರು. ಮಗ ಅರ್ಬಾಜ ಅಂಗಡಿಯನ್ನು ವಹಿಸಿಕೊಂಡ. ಆದರೆ ತಂದೆಯನ್ನು ಅಂಗಡಿಯಲ್ಲಿ ಸುಮ್ಮನೆ ಕೂರಿಸುವುದು ಅವನಿಂದಾಗಲಿಲ್ಲ. ಅವನು ಊಟಕ್ಕೆ ಹೋದ ಸಮಯ ನೋಡಿ ಇವರು ಜಾಕ್ ಹಿಡಿಯುತ್ತಿದ್ದರು.

ಅವರ ಪತ್ನಿ ಅಕ್ತರಬೀ ಕೊನೆಗೆ ತೀರ್ಮಾನ ಹೇಳಿದರು. ಆಕೆಯ ತಮ್ಮ ಯುನುಸನಿಗೆ ಭಾಲ್ಕಿಯಲ್ಲಿ ಬಳೆಯ ಅಂಗಡಿ ಇದೆ. ರಂಜಾನ್ ತಿಂಗಳಲ್ಲಿ ಅಲ್ಲಿ ಗಿರಾಕಿಗಳ ನೂಕುನುಗ್ಗಲು. ಹಣ ಎಣಿಸಿಕೊಳ್ಳುವ ಗಾದಿಯ ಮೇಲೆ ಕೂರಲು ನಂಬಿಕೆಯ ಮನುಷ್ಯ ಬೇಕು. 2024ನೆಯ ಮಾರ್ಚ್ 12ರಂದು ಮೊದಲ ಉಪವಾಸ. ಅಷ್ಟರೊಳಗೆ ಎತ್ತುವ ಅಗತ್ಯವಿಲ್ಲದ ಕೆಲಸ ಸಿಗದಿದ್ದರೆ ಜಹೀರೋದ್ದೀನರು ಭಾಲ್ಕಿಗೆ ಹೋಗಿ ಬಳೆ ಮಾರಬೇಕು.

"ನಾನು ಟೈರಿನ ಮನಶ್ಯಾ. ಬಳಿ ಅಂಗಡ್ಯಾಗ ಕೂತು ಏನ್ ಮಾಡ್ಲಿ?" ಎಂದು ಅವರು ನನ್ನೆದುರಿಗೇ ಗೋಗರೆದರು.

"ಅವೂ ಗುಂಡಗೇ ಇರ್ತಾವ" ಎಂದರು ಅಕ್ತರಬೀ. "ಮ್ಯಾಲ ಹಗರೂ ಇರ್ತಾವ."

ನಾನು ಭಾಲ್ಕಿಯವನಾದರೂ ಅಂದು ಭಾಲ್ಕಿಯ ಪರವಾಗಿ ಒಂದು ಮಾತೂ ಆಡಲಾರದೆ ಹೋದೆ.

2024ನೆಯ ಜನವರಿ 28, ಭಾನುವಾರ, ಕಾಶೀರಾಮರ ಮಗ ಉತ್ತಮ ಬೀದರಿಗೆ ಬಂದ. ಅವನು ಔರಾದದಲ್ಲಿ ಜಮೀನು ಅಳೆಯುವ ಪರವಾನಗಿ ಪಡೆದ ಸರ್ವೇಯರ್. ಬಿಡುವಿನ ವೇಳೆಯಲ್ಲಿ ರೇಡಿಯೊ ನಿಯಂತ್ರಣದಿಂದ ಓಡುವ ಮಾದರಿ ವಾಹನಗಳನ್ನು ಕಟ್ಟುವುದು ಅವನ ಹವ್ಯಾಸ. ಇವು ಮಕ್ಕಳ ಆಟಿಕೆಗಳಲ್ಲ. ಮೋಟಾರು, ಗೇರು, ಸ್ಪ್ರಿಂಗು ಎಲ್ಲವೂ ಇರುತ್ತವೆ, ಕೈಯಲ್ಲಿ ರಿಮೋಟ್ ಹಿಡಿದು ಓಡಿಸುತ್ತಾರೆ. ಬೀದರ ಮತ್ತು ಭಾಲ್ಕಿಯ ಕೆಲವು ಗೆಳೆಯರು ಸೇರಿ ಕೋಟೆಯ ಆಚೆಗಿನ ಕೆಮ್ಮಣ್ಣಿನ ದಿಬ್ಬಗಳ ಮೇಲೆ ಅವುಗಳನ್ನು ಹತ್ತಿಸಿ ಇಳಿಸುತ್ತಾರೆಂದು ಅಂದೇ ನನಗೆ ತಿಳಿದದ್ದು.

ಅವನು ಜಹೀರೋದ್ದೀನರ ಮುಂದೆ ಇಟ್ಟದ್ದು ಒಂದು ಮೊಳದುದ್ದದ ಲಾರಿ. ತಂದೆ ಓಡಿಸುತ್ತಿದ್ದ ಅದೇ ಉದ್ದ ಮೂತಿಯ ಲಾರಿಯನ್ನು ತಗಡಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿದ್ದ. ಆದರೆ ಗಾಲಿಗಳು ಈಗಿನ ಕಾಲದವು: ಅಗಲವಾದ ಟೈರು, ಥಳಥಳಿಸುವ ರಿಮ್ಮು.

"ಅಪ್ಪ ನೋಡಿ ನಗ್ತಾರ್ರಿ ಚಾಚಾ. 'ಲಾರಿ ಮುದುಕ ಅದ, ಬೂಟ್ ಮಾತ್ರ ಮದಿಮಗಂದು' ಅಂತಾರ. ಹಳೀ ನಮೂನಿ ಗಾಲಿ ಸಿಗ್ತಾವ, ತರಸ್ತೇನಿ. ಹಳೀದು ಹ್ಯಾಂಗ ಇತ್ತು ಅಂಬೋದು ಜಹೀರಗೇ ಗೊತ್ತದ, ಅವನ ಕೈಲೇ ಕೂಡಸು ಅಂದಾರ."

ಗೆಳೆಯರ ಬಳಿಯೂ ಹಳೆಯ ಜೀಪು, ಅಂಬಾಸಿಡರ್, ಟ್ರ್ಯಾಕ್ಟರುಗಳ ಮಾದರಿಗಳಿದ್ದವು. ಎಲ್ಲರಿಗೂ ಹಳೆಯ ಕಾಲದ ಗಾಲಿಗಳೇ ಬೇಕಾಗಿದ್ದವು. ಈ ಲಾರಿ ಹೇಗೆ ಓಡುತ್ತದೆಂದು ನೋಡಿ ಅವರೆಲ್ಲ ಕೆಲಸ ಕೊಡುವವರಿದ್ದರು. ಅಕ್ತರಬೀ ಒಳಗಿನಿಂದ ಬಂದು, ಆ ಲಾರಿಯನ್ನು ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡಿ, ಕೆಳಗಿಟ್ಟರು.

"ಇದನ್ನ ಎತ್ತಲಿಕ್ಕೆ ಇಜಾಜತ್ ಅದ" ಎಂದು ಅಪ್ಪಣೆ ಕೊಟ್ಟರು.

ಗಾಲಿಗಳ ಪೊಟ್ಟಣ ಬಂದದ್ದು ಫೆಬ್ರವರಿ 16, ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಬಂದು ಜಹೀರೋದ್ದೀನರು ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ಅವರ ಮುಖದಲ್ಲಿ ಅಷ್ಟು ತಿಂಗಳುಗಳ ನಂತರ ನಾನು ಕಂಡ ಬೆಳಕನ್ನು ಇಲ್ಲಿ ದಾಖಲಿಸಬೇಕು. ಸಪೂರವಾದ ಟೈರುಗಳು; ಬಟ್ಟಲಿನಂತೆ ಒಳಗಿಳಿದ ರಿಮ್ಮುಗಳು; ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವ ಪ್ರತ್ಯೇಕ ಉಂಗುರ, ಅದಕ್ಕೆ ಸಾಸಿವೆಯಷ್ಟು ಸ್ಕ್ರೂಗಳು. ಹಳೆಯ ಲಾರಿಗಳಿಗೂ ಇಂಥದೇ ಉಕ್ಕಿನ ಲಾಕ್ ರಿಂಗ್ ಇರುತ್ತಿತ್ತು. ಗಾಳಿ ತುಂಬುವಾಗ ಅದು ಸಿಡಿದರೆ ಎದುರಿಗಿದ್ದವನ ದವಡೆ ಮುರಿಯುತ್ತಿತ್ತು. ಆದ್ದರಿಂದ ಆ ಕಾಲದ ಕೆಲಸಗಾರರು ಗಾಲಿಯ ಎದುರಿಗೆ ಎಂದೂ ಕೂರುತ್ತಿರಲಿಲ್ಲ. ಜಹೀರೋದ್ದೀನರು ಈ ರೂಪಾಯಿಯಷ್ಟಗಲದ ಉಂಗುರದ ಸ್ಕ್ರೂ ಬಿಗಿಯುವಾಗಲೂ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡೇ ಬಿಗಿದರು.

ಟೈರಿನೊಳಗೆ ಟ್ಯೂಬಿನ ಬದಲು ಸ್ಪಂಜಿನ ಬಳೆಯಿತ್ತು. "ಬಳಿ ಇಲ್ಲೂ ಬಿಡವಲ್ದು ನೋಡ್ರಿ" ಎಂದು ಗೊಣಗಿದರು. ರಿಮ್ಮುಗಳಿಗೆ ಕಾವಿಯ ಕೆಂಪು ಬಣ್ಣ, ಉಂಗುರಕ್ಕೆ ಬಿಳಿಯ ಗೆರೆ. ಟೈರಿನ ಹೊಳಪನ್ನು ಉಜ್ಜುಕಾಗದದಿಂದ ತೆಗೆದು, ಸುಣ್ಣದ ಪುಡಿ ಒರೆಸಿದಾಗ ಅವು ಔರಾದದ ರಸ್ತೆಯ ಧೂಳು ಕುಡಿದ ಗಾಲಿಗಳಂತೆಯೇ ಕಂಡವು. ಹಿಂದೆ ಜೋಡಿ ಜೋಡಿಯಾಗಿ ನಾಲ್ಕು, ಮುಂದೆ ಎರಡು.

ಕೊನೆಯ ಪರೀಕ್ಷೆಯೆಂದು ಅವರು ಒಂದು ಗಾಲಿಯನ್ನು ಅಂಗಡಿಯಿಂದ ತರಿಸಿದ್ದ ಬೋಗುಣಿಯ ನೀರಿನಲ್ಲಿ ಮುಳುಗಿಸಿ ಹಿಸುಕಿದರು. ಗುಳ್ಳೆಗಳೆದ್ದವು.

"ಮಾಸ್ತರ ಸಾಬ, ಇಲ್ಲಿ ಬರ್ರಿ. ಹೊಸಾ ಮಾಲು, ಹುಟ್ಟತನೇ ಪಂಚರ್."

ರಿಮ್ಮಿನ ತಳದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತಿತ್ತು. ಇನ್ನೊಂದನ್ನು ನೋಡಿದೆವು, ಅದರಲ್ಲಿಯೂ ಇತ್ತು. ಆರರಲ್ಲಿಯೂ ಇತ್ತು. ಇದು ತಯಾರಕರ ಅಕ್ಷಮ್ಯ ನಿರ್ಲಕ್ಷ್ಯವೆಂದೂ ದಿನಾಂಕ ಸಹಿತ ದೂರು ಬರೆಯತಕ್ಕದ್ದೆಂದೂ ನಾನು ಹೇಳಿದೆ. "ದೂರು ಯಾಕ್ರಿ, ಮುಚ್ಚಲಿಕ್ಕೆ ನಾ ಇದ್ದೇನಲ್ಲ" ಎಂದು ಅವರು ಎಂ-ಸೀಲ್ ಅಂಟನ್ನು ಕಲಸಿ ಪ್ರತಿಯೊಂದು ತೂತನ್ನೂ ಮುಚ್ಚಿ, ಮೇಲೆ ಬಣ್ಣ ಬಳಿದರು. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಮತ್ತೆ ನೀರಿನಲ್ಲಿ ಮುಳುಗಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ. ಅಂದು ಅವರು ವೈದ್ಯರು ಕಟ್ಟಿದ್ದ ಬೆನ್ನಿನ ಪಟ್ಟಿಯನ್ನು ಮರೆತು ನೆಟ್ಟಗೆ ನಿಂತು ನಕ್ಕರು.

ಫೆಬ್ರವರಿ 25, ಭಾನುವಾರ, ಡಾಬಕಾದಲ್ಲಿ ಕಾಶೀರಾಮರ ಅಂಗಳದಲ್ಲಿಯೇ ಲಾರಿಯನ್ನು ಓಡಿಸುವುದೆಂದು ಗೊತ್ತಾಯಿತು. ಉತ್ತಮ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಗೆಳೆಯರಿಗೆ ಕಳುಹಿಸುವವನಿದ್ದ. ಹೊರಡುವ ಮುನ್ನ ಅಕ್ತರಬೀ ನನ್ನನ್ನು ಕರೆದು, "ನೀವೂ ಜೋಡಿ ಹೋಗ್ರಿ ಮಾಸ್ತರ ಸಾಬ. ದಾರ್ಯಾಗ ಯಾರದರೆ ಗಾಡಿ ಪಂಚರ್ ಆಗಿದ್ರ ಬಸ್ ನಿಲ್ಲಿಸಿ ಇಳಿತಾರ" ಎಂದರು. ಆಕೆಯ ಮಾತು ಸುಳ್ಳಾಗಲಿಲ್ಲ. ಸಂತಪುರ ದಾಟಿದ ಮೇಲೆ ರಸ್ತೆಯ ಬದಿಗೆ ಒಂದು ಟೆಂಪೊ ಗಾಲಿ ಬಿಚ್ಚಿಕೊಂಡು ನಿಂತಿತ್ತು. ಜಹೀರೋದ್ದೀನರ ಕುತ್ತಿಗೆ ಕಿಟಕಿಯಾಚೆ ಹೋಯಿತು. "ಜಾಕ್ ಸೊಟ್ಟ ಹಚ್ಯಾನ ಮಗಾ" ಎಂದು ಸಂಕಟಪಟ್ಟರು. ಬಸ್ಸು ಮುಂದೆ ಸಾಗುವವರೆಗೂ ನಾನು ಅವರ ತೋಳನ್ನು ಬಿಡಲಿಲ್ಲ.

ಡಾಬಕಾದಲ್ಲಿ ನಮಗೆ ಚಹಾ, ಚುರುಮುರಿಯ ಸುಶಲಾ ಆಯಿತು. ಕಾಶೀರಾಮರ ಪತ್ನಿ ಶಾಲುಬಾಯಿ ಹಳೆಯ ಬಟ್ಟೆಯಿಂದ ಹೆಬ್ಬೆರಳಿನಷ್ಟು ಚೀಲಗಳನ್ನು ಹೊಲಿದು, ಒಳಗೆ ತೊಗರಿ ತುಂಬಿ, ಬಾಯಿ ಕಟ್ಟಿ ಇಟ್ಟಿದ್ದರು. ಲಾರಿಗೆ ಹೇರಿದಾಗ ಅದು ಥೇಟು ಗಂಜಕ್ಕೆ ಹೊರಟ ಲಾರಿಯೇ ಆಯಿತು. ಕಾಶೀರಾಮರು ನೆಲದ ಮೇಲೆ ಕುಳಿತು ಒಂದೊಂದು ಗಾಲಿಯನ್ನೂ ದಿಟ್ಟಿಸಿದರು.

"ಇದೇ ಕೆಂಪ. ಇದೇ ಬಿಳಿ ಗೀಟ. ಇದು ನನ್ನ ಗಾಡಿ ಅದ ಜಹೀರ" ಎಂದರು. ಅನಂತರ ರಿಮೋಟನ್ನು ಕೈಗೆ ತೆಗೆದುಕೊಂಡರು.

ಲಾರಿ ಎರಡು ಮಾರು ಸರಿಯಾಗಿ ಹೋಯಿತು. ವೇಗ ಏರಿದೊಡನೆ ಕುಣಿಯತೊಡಗಿತು. ಸಣ್ಣ ಕಲ್ಲೊಂದರ ಮೇಲೆ ಹತ್ತಿದ್ದೇ ಚೆಂಡಿನಂತೆ ಪುಟಿದು, ಇಳಿದು, ಮತ್ತೆ ಪುಟಿಯಿತು. ಚೀಲಗಳು ಒಂದೊಂದಾಗಿ ಉರುಳಿದವು, ಒಂದರ ಬಾಯಿ ಬಿಚ್ಚಿ ತೊಗರಿ ಚೆಲ್ಲಿತು, ಕೋಳಿಗಳು ಓಡಿಬಂದವು. ಹೊಸ್ತಿಲಿಗೆ ಹಾಕಿದ್ದ ಹಲಗೆಯ ಏರಿನಲ್ಲಿ ಲಾರಿ ಅರ್ಧಕ್ಕೆ ಹತ್ತಿ ಮಗ್ಗುಲಾಗಿ ಬಿದ್ದಿತು.

"ಇದು ಲಾರಿ ಅಲ್ಲೋ ಉತ್ತಮಾ" ಎಂದರು ಕಾಶೀರಾಮರು. "ಕಪ್ಪಿ ಅದ."

ಉತ್ತಮ ಮೊಬೈಲನ್ನು ಕೆಳಗಿಳಿಸಿದ. ಮರಳಿ ಓಡಿಸಿದರು, ಮರಳಿ ಬಿದ್ದಿತು. ಜಹೀರೋದ್ದೀನರು ಕಟ್ಟೆಯ ಮೇಲೆ ಕುಳಿತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ನನ್ನತ್ತ ತಿರುಗಿ, ಮೆಲ್ಲಗೆ, "ಯುನುಸಗ ಒಂದ್ ಫೋನ್ ಹಚ್ಚಿ ಕೊಡ್ರಿ ಮಾಸ್ತರ ಸಾಬ. ಬರ್ತೇನಿ ಅಂತ ಹೇಳಿಬಿಡ್ತೇನಿ" ಎಂದರು.

ಇಲ್ಲಿ ನೆಟ್‌ವರ್ಕ್ ಇಲ್ಲವೆಂದು ಹೇಳಿದೆ. ಅದು ಇತ್ತು.

ಅಷ್ಟರಲ್ಲಿ ಉತ್ತಮ ಹಿಂದಿನ ಗಾಲಿಯೊಂದನ್ನು ಕಳಚಿ ಹಿಸುಕುತ್ತಿದ್ದ. ಅದು ಮಣಿಯಲಿಲ್ಲ. ಕಿವಿಯ ಬಳಿ ಹಿಡಿದು ಅಲುಗಾಡಿಸಿದ. ತಿರುಗಿಸಿ ತಳವನ್ನು ನೋಡಿದ.

"ಚಾಚಾ, ಇಲ್ಲಿ ಒಂದ್ ಸಣ್ಣ ತೂತ ಇರಬೇಕಿತ್ತಲ್ರಿ?"

"ಇತ್ತು. ಆರಕ್ಕೂ ಇತ್ತು. ನಾ ಮುಚ್ಚೇನಿ." ಆ ದುಃಖದಲ್ಲಿಯೂ ಜಹೀರೋದ್ದೀನರ ಧ್ವನಿಯಲ್ಲಿ ಹೆಮ್ಮೆಯಿತ್ತು. "ನೀರಾಗ ಹಾಕಿ ನೋಡೇನಿ. ಒಂದ್ ಗುಳ್ಳಿ ಬಂದ್ರ ಕೇಳು."

ಉತ್ತಮ ನೆಲಕ್ಕೆ ಕುಕ್ಕರಿಸಿ ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನೀರಾಗ ಬ್ಯಾರೆ ಹಾಕೀರಿ? ಅದಕ್ಕೇ ಒಳಗ ಕುಲುಕ್ಯಾಡ್ಲತದ. ಇದು ಗಾಲಿ ಅದನೋ ಎಳನೀರೋ ಅಂತ ನೋಡ್ಲತಿದ್ದೆ."

ನಕ್ಕು ಮುಗಿದ ಮೇಲೆ ವಿವರಿಸಿದ. ಈ ಗಾಲಿಗಳಲ್ಲಿ ಭಾರ ಹೊರುವುದು ಸ್ಪಂಜು, ಗಾಳಿಯಲ್ಲ. ಕಲ್ಲಿನ ಮೇಲೆ ಹತ್ತಿದಾಗ ಸ್ಪಂಜು ಕುಗ್ಗಬೇಕು. ಕುಗ್ಗಲು ಒಳಗಿನ ಗಾಳಿ ಹೊರಗೆ ಹೋಗಬೇಕು, ಮತ್ತೆ ಒಳಗೆ ಬರಬೇಕು. ಆ ದಾರಿಯೇ ಆ ತೂತು. ಅದನ್ನು ಮುಚ್ಚಿದರೆ ಗಾಲಿ ಊದಿದ ಚೆಂಡಾಗುತ್ತದೆ. ಗಾಲಿಗಳನ್ನು ಕೂಡಿಸಿದ್ದರಲ್ಲಿ, ಉಂಗುರ ಬಿಗಿದದ್ದರಲ್ಲಿ, ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾಲ್ಕು ದಶಕಗಳ ಕಾಲ ತೂತು ಹುಡುಕಿ ಮುಚ್ಚಿದ ಮನುಷ್ಯ ಇಲ್ಲಿಯೂ ತೂತು ಹುಡುಕಿ ಮುಚ್ಚಿದ್ದರು, ಅಷ್ಟೇ.

"ಹಾಂಗಂದ್ರ ತೆಗೆದುಬಿಡೂಣಲ್ಲ" ಎಂದು ಜಹೀರೋದ್ದೀನರು ಎದ್ದರು.

"ನಿಮ್ಮ ಎಂ-ಸೀಲ್ ಕಲ್ಲ ಆಗ್ಯಾದ್ರಿ ಚಾಚಾ. ಕೊರದ್ರ ರಿಮ್ಮೇ ಸೀಳ್ತದ. ಬ್ಯಾರೆ ದಾರಿ ಅದ. ಟೈರಿಗೇ ನಡಬರಕ ಎರಡೆರಡು ತೂತ ಚುಚ್ಚೋದು. ಭಾಳ ಮಂದಿ ಹಂಗೇ ಮಾಡ್ತಾರ, ಒಳಗಿನ ನೀರೂ ಹೊರಗ ಹೋಗ್ತದ. ಅವ್ವಾ, ಚೀಲ ಹೊಲಿಯೋ ದಬ್ಬಳ ಕೊಡು. ಕಾಸಿ ಕೊಡು."

ಶಾಲುಬಾಯಿ ದಬ್ಬಣವನ್ನು ಒಲೆಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದರು. ಉತ್ತಮ ಅದನ್ನು ಜಹೀರೋದ್ದೀನರತ್ತ ಚಾಚಿದ. ಅವರು ಕೈಯನ್ನು ಹಿಂದಕ್ಕೆಳೆದುಕೊಂಡರು.

"ನೀ ಚುಚ್ಚು."

"ಕೆಲಸ ನಿಮ್ದು ಚಾಚಾ. ನಾಳಿ ನನ್ನ ದೋಸ್ತರ ಗಾಡಿ ಬಂದ್ರ ನಾನೇ ಬಂದು ಚುಚ್ಚಲೇನು?"

"ನನ್ನ ಕೈಲಿಂದ ಆಗಂಗಿಲ್ಲಪ್ಪ. ಟೈರಿಗೆ ತೂತ ಮಾಡಂಗಿಲ್ಲ ಅಂತ ಆಣಿ ಮಾಡೇನಿ." ಅವರು ಕಾಶೀರಾಮರತ್ತ ನೋಡಿದರು. "ಇವರ ಮುಂದೇ ಮಾಡೇನಿ."

ಕೆಂಪಗೆ ಕಾದಿದ್ದ ದಬ್ಬಣದ ತುದಿ ಕಪ್ಪಾಗುತ್ತ ಬಂದಿತು. ಕಾಶೀರಾಮರು ಗೋಡೆಯನ್ನು ಹಿಡಿದು ಎದ್ದು, ಮೆಲ್ಲಗೆ ನಡೆದು ಬಂದು ಜಹೀರೋದ್ದೀನರ ಪಕ್ಕದಲ್ಲಿ ಕುಳಿತರು.

"ಆಣಿ ಯಾರ ಮುಂದ ಮಾಡಿದ್ದಿ?"

"ನಿಮ್ಮ ಮುಂದ."

"ಯಾರ ಟೈರಿನ ಮ್ಯಾಲ ಕೈ ಇಟ್ಟಿದ್ದಿ?"

"ನಿಮ್ಮ ಟೈರಿನ ಮ್ಯಾಲ."

"ಇವೂ ನನ್ನವೇ ಅವ. ಅವತ್ತು ನಾ ಆಡಿದ ಮಾತಿಗೆ ಇಷ್ಟು ವರ್ಷ ನೀ ರೋಡಿನ ಮೊಳಿ ಆರಿಸಿದಿ. ಸಾಕು. ಆಣಿ ನಾನೇ ಬಿಡಸ್ತೇನಿ." ಅವರು ಲಾರಿಯನ್ನು ತೊಡೆಯ ಮೇಲೆ ಮಗುಚಿ ಹಿಡಿದರು. "ಚುಚ್ಚು ಜಹೀರ. ನನ್ನ ಗಾಡಿ ನೀನೇ ಪಂಚರ್ ಮಾಡ್ತಿ ಅಂತ ಅಂದಿದ್ದೆ. ಒಂದ್ಸಲರೆ ನನ್ನ ಮಾತು ಖರೇ ಮಾಡು."

ಶಾಲುಬಾಯಿಯೇ ಮೊದಲು ನಕ್ಕದ್ದು. ದಬ್ಬಣ ಮತ್ತೊಮ್ಮೆ ಒಲೆಗೆ ಹೋಗಿ ಬಂದಿತು. ಜಹೀರೋದ್ದೀನರು "ಬಿಸ್ಮಿಲ್ಲಾ" ಎಂದು, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಟೈರಿನ ನಡುವೆ ಒತ್ತಿದರು. ಸುಟ್ಟ ರಬ್ಬರಿನ ವಾಸನೆಯ ಜೊತೆಗೆ ಗಾಳಿ ಸಣ್ಣಗೆ ಸುಯ್ಯೆಂದಿತು. ಹಿಸುಕಿದಾಗ ನೀರು ಚಿಮ್ಮಿ ಕಾಶೀರಾಮರ ಧೋತರದ ಮೇಲೆ ಬಿದ್ದಿತು. ಎರಡನೆಯ ಗಾಲಿಯ ವೇಳೆಗೆ ಜಹೀರೋದ್ದೀನರು ಮುಖ ತಿರುಗಿಸುವುದನ್ನು ಬಿಟ್ಟಿದ್ದರು. ಆರನೆಯದರ ಹೊತ್ತಿಗೆ ದಬ್ಬಣ ತಣ್ಣಗಾಯಿತೆಂದು ಶಾಲುಬಾಯಿಯನ್ನು ಗದರಿಸುತ್ತಿದ್ದರು.

ಗಾಲಿಗಳನ್ನು ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಕೂಡಿಸಿ, ಚೀಲ ಹೇರಲಾಯಿತು. ಈ ಸಲ ಲಾರಿ ಅಂಗಳವನ್ನು ಸುತ್ತಿತು. ಕಲ್ಲಿನ ಮೇಲೆ ಹತ್ತಿದಾಗ ಟೈರು ತುಸು ಅಮುಕಿತು, ಇಳಿದಾಗ ಮೊದಲಿನಂತಾಯಿತು. ಭಾರ ಹೊತ್ತ ಹಳೆಯ ಲಾರಿಗಳು ಮೈಯನ್ನು ತೂಗಿಕೊಂಡು ಸಾಗುವ ಆ ನಡಿಗೆಯೇ ಬಂದಿತ್ತು. ಹಲಗೆಯನ್ನೇರಿ, ಹೊಸ್ತಿಲನ್ನು ದಾಟಿ, ಒಂದು ಚೀಲವನ್ನೂ ಬೀಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿತು. ಕಾಶೀರಾಮರು ರಿಮೋಟನ್ನು ಯಾರಿಗೂ ಕೊಡಲಿಲ್ಲ. ಜಹೀರೋದ್ದೀನರು ದೀರ್ಘವಾಗಿ ಉಸಿರು ಬಿಟ್ಟು, "ಮಾಸ್ತರ ಸಾಬ, ಯುನುಸಗ ಫೋನ್ ಹಚ್ಚಬ್ಯಾಡ್ರಿ" ಎಂದರು. ಹಚ್ಚಿದರೂ ತಾಗದು ಎಂದೆ.

ಮನೆಗೆ ಬಂದಾಗ ಅಕ್ತರಬೀ ಬಾಗಿಲಿನಲ್ಲಿಯೇ ನಿಂತಿದ್ದರು. "ಏನಾಯ್ತು?"

"ಆರೂ ಪಂಚರ್ ಮಾಡಿ ಬಂದೇನಿ" ಎಂದರು ಜಹೀರೋದ್ದೀನರು. ಆಕೆಯ ಮುಖ ಬಾಡಿದ್ದನ್ನು ಕಂಡು, ಉಳಿದದ್ದನ್ನು ನಾನು ಕ್ರಮವಾಗಿ ವಿವರಿಸಬೇಕಾಯಿತು.

ಉತ್ತಮನ ಗೆಳೆಯರ ಪೈಕಿ ಮೊದಲನೆಯವನ ಜೀಪು ಮಾರ್ಚ್ 3, ಭಾನುವಾರ ಬಂದಿತು. ಮೊದಲ ಉಪವಾಸದ ದಿನ ಅಂಗಳದ ಸ್ಟೂಲಿನ ಮೇಲೆ ಒಂದು ಅಂಬಾಸಿಡರ್ ಗಾಲಿ ಕಳಚಿಕೊಂಡು ಕುಳಿತಿತ್ತು. ಅಯಸ್ಕಾಂತದ ಹಗ್ಗ ಈಗ ಅರ್ಬಾಜನ ಕೈಯಲ್ಲಿದೆ. ಗಂಜದ ಬಾಗಿಲಿನ ಪದ್ಧತಿ ತಪ್ಪಿಲ್ಲ. ಜಹೀರೋದ್ದೀನರು ಬೋಗುಣಿಯನ್ನು ಅಂಗಡಿಗೇ ಹಿಂದಿರುಗಿಸಿದ್ದಾರೆ. ಹೊಸ ಗಾಲಿ ಬಂದೊಡನೆ ಮೊದಲು ಅದರ ತೂತನ್ನು ಹುಡುಕುತ್ತಾರೆ. ಸಿಕ್ಕರೆ "ಅದ" ಎಂದು ಸಮಾಧಾನಪಡುತ್ತಾರೆ.

ಏಪ್ರಿಲ್ 7, ಭಾನುವಾರ, ಈದ್ ಹಬ್ಬಕ್ಕೆ ಮುನ್ನ, ಆ ದಂಪತಿಗಳು ಬಳೆ ಕೊಳ್ಳಲು ಭಾಲ್ಕಿಗೆ ಹೊರಟಾಗ ನಾನೂ ನನ್ನ ಊರಿಗೆಂದು ಜೊತೆಗೂಡಿದೆ. ಯುನುಸ ಗಿರಾಕಿಗಳ ನಡುವಿನಿಂದಲೇ ಭಾವನನ್ನು ಕೂಗಿದ: "ದುಲ್ಹಾಭಾಯಿ, ಗಾದಿ ಖಾಲಿ ಅದ, ಒಳಗ ಬರ್ರಿ."

"ಬ್ಯಾಡ. ಅವರು ಹೊರಗೇ ಕೂಡ್ಲಿ" ಎಂದರು ಅಕ್ತರಬೀ. "ಇವತ್ತ ಅವರು ಗಿರಾಕಿ ಅದಾರ."

ಜಹೀರೋದ್ದೀನರು ಬೆಂಚಿನ ಮೇಲೆ ಕುಳಿತು, ಹಸಿರು ಗಾಜಿನ ಬಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದರು.

"ಇದಕ್ಕ ಭಾಳ ದೊಡ್ಡ ತೂತ ಅದ" ಎಂದರು. "ಮುಚ್ಚಲಿಕ್ಕೆ ಬರಂಗಿಲ್ಲ."

"ಕೈ ಹಾಕಿ ನಾ ಮುಚ್ತೇನಿ" ಎಂದು ಅಕ್ತರಬೀ ಕೈ ಚಾಚಿದರು. "ಕೊಡ್ರಿ ಇಲ್ಲಿ."